ಮೂವತ್ತು ಪೌಂಡಿನ ಸಿಲಿಂಡರ್

ನಾನು ಕೆಲಸ ಮಾಡುವುದು ದನದ ಮೇವು, ಮುಳ್ಳುತಂತಿ, ಕೋಳಿಮರಿ ಮತ್ತು ಗ್ಯಾಸು ಮಾರುವ ಅಂಗಡಿಯಲ್ಲಿ. ಮೇವು ತೂಗುವವರು ಬೇರೆ ಇದ್ದಾರೆ. ಹಿಂಬದಿಯ ದೊಡ್ಡ ಬಿಳಿ ಟ್ಯಾಂಕಿನಿಂದ ಜನ ತಂದ ಸಿಲಿಂಡರಿಗೆ ಗ್ಯಾಸು ತುಂಬುವುದು ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ನಮ್ಮ ಕಣಿವೆಯಲ್ಲಿ ಯಾರ ಸಂಸಾರ ಕೆಟ್ಟಿದೆ ಎಂಬುದು ಪಾದ್ರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಬೇಟೆಯ ಕಾಲ ಶುರುವಾಗುವ ಮೊದಲೇ ಗಂಡಸೊಬ್ಬ ಕ್ಯಾಂಪರಿನ, ಅಂದರೆ ಟ್ರಕ್ಕಿನ ಮೇಲೆ ಹೊರುವ ಪುಟ್ಟ ಮನೆಯ, ಸಿಲಿಂಡರನ್ನು ವಾರಕ್ಕೆರಡು ಸಲ ತುಂಬಿಸಲು ಬಂದರೆ, ಅವನು ಗುಡ್ಡಕ್ಕೆ ಹೋಗಿಲ್ಲ, ಸ್ವಂತ ಮನೆಯ ಅಂಗಳದಲ್ಲಿ ಕ್ಯಾಂಪರಿನೊಳಗೆ ಮಲಗುತ್ತಿದ್ದಾನೆ ಎಂದರ್ಥ.

ಆದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಡೆಲ್ಮರ್ ಚಿಕ್ಕಪ್ಪ ಒಂದು ಸಿಲಿಂಡರ್ ಹೊತ್ತುಕೊಂಡು ಬಂದಾಗ ನನಗೆ ಅದೇ ಅನುಮಾನ ಬಂತು. ಅವನು ನನ್ನ ತಾಯಿಯ ತಂಗಿ ಲವಾನಳ ಗಂಡ. ಮೂವತ್ತೊಂದು ವರ್ಷ ಸರ್ಕಾರದ ರಸ್ತೆ ಇಲಾಖೆಯಲ್ಲಿ ಮಣ್ಣು ಸಮ ಮಾಡುವ ಯಂತ್ರ ಓಡಿಸಿ ನಿವೃತ್ತನಾದವನು. ಲವಾನ್ ಚಿಕ್ಕಮ್ಮ ಇಪ್ಪತ್ತೇಳು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಇಬ್ಬರಿಗೂ ಎಪ್ಪತ್ತರ ಹತ್ತಿರ. ಇಬ್ಬರೂ ಸ್ಟೀರಿಂಗ್ ಹಿಡಿದವರೇ ಆದ್ದರಿಂದ ಆ ಮನೆಯಲ್ಲಿ ಯಾರು ಯಾರನ್ನು ಎತ್ತ ತಿರುಗಿಸುತ್ತಾರೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

"ಟ್ರೂಡಿ, ಇದನ್ನ ತುಂಬು," ಎಂದ.

ಅದು ಕ್ಯಾಂಪರಿನ ಹಳೆಯ ಚಿಕ್ಕ ಸಿಲಿಂಡರ್ ಆಗಿರಲಿಲ್ಲ. ಅದರ ಮೂರರಷ್ಟು ಹಿಡಿಯುವ, ನನ್ನ ತೊಡೆಯ ಮಟ್ಟಕ್ಕೆ ಬರುವ ಮೂವತ್ತು ಪೌಂಡಿನದು. ಮೈತುಂಬ ತುಕ್ಕು.

"ಚಿಕ್ಕಪ್ಪ, ಇದರ ಕುತ್ತಿಗೆ ಮೇಲೆ ಇಸವಿ ಹೊಡ್ದಿರ್ತಾರೆ. ಓದು."

"ಕನ್ನಡಕ ತಂದಿಲ್ಲ."

"ನಾನೇ ಓದ್ತೀನಿ. ತೊಂಬತ್ತೊಂದು. ಇದು ಹುಟ್ಟಿದಾಗ ನಾನು ಎರಡನೇ ಕ್ಲಾಸು. ಹನ್ನೆರಡು ವರ್ಷ ದಾಟಿದ್ದಕ್ಕೆ ತುಂಬೋ ಹಾಗಿಲ್ಲ."

"ಗ್ಯಾಸಿಗೆಂಥದು ವಯಸ್ಸು?"

"ಗ್ಯಾಸಿಗಲ್ಲ, ತಗಡಿಗೆ."

"ನನ್ನ ತಮ್ಮ ಇಪ್ಪತ್ತು ವರ್ಷ ಇದ್ರಲ್ಲೇ ಅಡುಗೆ ಮಾಡ್ಕೊಂಡು ತಿಂದ."

"ನಿನ್ನ ತಮ್ಮ ಈಗ ಎಲ್ಲಿದಾನೆ?"

"ಅವನು ಸತ್ತಿದ್ದು ಎದೆನೋವಿಂದ!"

"ಇರಬಹುದು. ಆದ್ರೂ ತುಂಬಲ್ಲ."

ಅವನು ನನ್ನನ್ನು ಹುಟ್ಟಿದಾಗಿನಿಂದ ನೋಡಿದ್ದರೂ ಅಂದು ಹೊಸದಾಗಿ ನೋಡುವಂತೆ ನೋಡಿದ. ಆಮೇಲೆ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಹೊಸ ಸಿಲಿಂಡರುಗಳಲ್ಲಿ ಮೂವತ್ತರದೇ ಒಂದನ್ನು ಆರಿಸಿ ತುಂಬಿಸಿಕೊಂಡ. ಹಳೆಯದನ್ನು ನನ್ನ ಮೇಲೆ ಸಿಟ್ಟಿಗೆ ಅಂಗಡಿಯಲ್ಲೇ ಬಿಟ್ಟ.

"ಇಷ್ಟು ದೊಡ್ಡದು ಯಾಕೆ? ಕ್ಯಾಂಪರಿನಲ್ಲಿ ಮಲಗ್ತಿದೀಯಾ?" ಎಂದು ಕೇಳಿಯೇಬಿಟ್ಟೆ.

"ನಿಮ್ಮ ಚಿಕ್ಕಮ್ಮನಿಗೆ ಚೀಟಿ ಬಂದಿದೆ," ಎಂದ. ಮುಖ ನೋಡಿದರೆ ಆಸ್ಪತ್ರೆಯ ಚೀಟಿ ಎನ್ನಬೇಕು, ಹಾಗಿತ್ತು.

ಮೂಸ್ ಕಡವೆ ಹೊಡೆಯಲು ಸರ್ಕಾರ ಪ್ರತಿ ವರ್ಷ ಚೀಟಿ ಎತ್ತುತ್ತದೆ. ನಮ್ಮ ಗುಡ್ಡಗಳಿಗೆಲ್ಲ ಸೇರಿ ಕೊಡುವುದು ಬೆರಳೆಣಿಕೆಯಷ್ಟು. ಅರ್ಜಿ ಹಾಕುವವರು ಸಾವಿರಾರು. ಜೀವಮಾನದಲ್ಲಿ ಒಮ್ಮೆ ಬಂದರೆ ಬಂತು, ಬರದೆ ಸತ್ತವರೇ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಒಂದೇ ಪೆನ್ನಿನಲ್ಲಿ ಇಪ್ಪತ್ತನಾಲ್ಕು ವರ್ಷ ಅರ್ಜಿ ತುಂಬಿದ್ದರು. ಈ ವರ್ಷ ಲವಾನಳಿಗೆ ಬಂತು. ಡೆಲ್ಮರನಿಗೆ ಎಂದಿನಂತೆ ವಿಷಾದದ ಪತ್ರ ಬಂತು.

ಆ ಸಂಜೆ ನಾನು ಅವರ ಮನೆಗೆ ಹೋದಾಗ ಚಿಕ್ಕಮ್ಮ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ನಾಲ್ಕು ಅಯಸ್ಕಾಂತ ಹಾಕಿ ಅಂಟಿಸಿದ್ದಳು.

"ಹತ್ತು ದಿನ ಮೇಲೆ ಇರ್ತೀವಿ," ಎಂದಳು. "ಆದ್ರೆ ಒಂದು ಷರತ್ತು. ರಾತ್ರಿಯೆಲ್ಲಾ ಹೀಟರ್ ಉರೀಬೇಕು. ಆ ಚಿಕ್ಕ ಸಿಲಿಂಡರ್ ಒಂದೂವರೆ ರಾತ್ರಿಗೆ ಖಾಲಿ. ಹೋದ ವರ್ಷ ಬೆಳಿಗ್ಗೆ ಎದ್ರೆ ನನ್ನ ಹಲ್ಲಿನ ಸೆಟ್ಟು ಲೋಟದಲ್ಲೇ ಗಡ್ಡೆ ಕಟ್ಟಿತ್ತು. ನನ್ನ ಈ ಬೆರಳು ನೋಡು, ಚಳಿಗೆ ಮಡಚೋದೇ ಇಲ್ಲ. ಮಡಚದ ಬೆರಳಲ್ಲಿ ಬಂದೂಕಿನ ಕುದುರೆ ಎಳೆಯೋದು ಹೇಗೆ?"

"ನಾನು ಎಳೀತೀನಿ," ಎಂದ ಡೆಲ್ಮರ್.

"ಚೀಟಿ ಯಾರ ಹೆಸರಲ್ಲಿದೆ?"

ಡೆಲ್ಮರ್ ಕಾಫಿ ಕುಡಿದ.

"ಗುಂಡು ನಂದು, ಹೊರೆ ನಿಂದು," ಎಂದಳು ಲವಾನ್. "ಇಪ್ಪತ್ತನಾಲ್ಕು ವರ್ಷ ಕಾದಿದೀನಿ ಟ್ರೂಡಿ. ಬೆರಳು ಮರಗಟ್ಟಿ ಅದು ತಪ್ಪಿತು ಅಂತಾದ್ರೆ ಇವನ ಜೊತೆ ನಾನು ಮನೆಗೆ ವಾಪಸ್ ಬರಲ್ಲ, ಅಲ್ಲೇ ಕರಡಿ ಜೊತೆ ಇರ್ತೀನಿ."

ಅವರ ಕ್ಯಾಂಪರ್ ಎಪ್ಪತ್ತೊಂಬತ್ತರದು. ಟ್ರಕ್ಕಿನ ಬೆನ್ನ ಮೇಲೆ ಕೂರಿಸಿಕೊಂಡು ಹೋಗುವ ತಗಡಿನ ಪುಟ್ಟ ಮನೆ: ಹಾಸಿಗೆ, ಒಲೆ, ಹೀಟರ್, ಇಬ್ಬರು ಕೂತರೆ ಮೊಣಕಾಲು ತಗಲುವ ಮೇಜು. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಅಂಗಳದಲ್ಲಿ ತನ್ನ ನಾಲ್ಕು ಮೂಲೆಯ ಜ್ಯಾಕ್ ಕಾಲುಗಳ ಮೇಲೆ, ಟ್ರಕ್ಕಿನ ಹಂಗಿಲ್ಲದೆ, ಎತ್ತರದಲ್ಲಿ ನಿಂತಿರುತ್ತದೆ. ಬೇಟೆಗೆ ಹೋಗುವಾಗ ಟ್ರಕ್ಕನ್ನು ಅದರ ಅಡಿಗೆ ಹಿಮ್ಮುಖವಾಗಿ ನುಗ್ಗಿಸಿ, ಜ್ಯಾಕ್ ತಿರುಗಿಸಿ ಇಳಿಸಿದರೆ ಮುಗಿಯಿತು. ಗ್ಯಾಸಿನ ಗೂಡು ಎಡಪಕ್ಕೆಯಲ್ಲಿ, ಒಲೆಯ ಕೆಳಗೆ. ಹೊರಗಿನಿಂದ ಒಂದು ಪುಟ್ಟ ಬಾಗಿಲು. ಹತ್ತು ಪೌಂಡಿನ ಸಿಲಿಂಡರು ಅದರಲ್ಲಿ ತಲೆ ತಗ್ಗಿಸಿಕೊಂಡಂತೆ ಕೂರುತ್ತಿತ್ತು.

ಡೆಲ್ಮರನ ಜೊತೆ ಕೆಲಸಕ್ಕೆ ಸೇರಿಕೊಂಡವನು ಪಕ್ಕದ ಮನೆಯ ವೆಂಡೆಲ್. ಅವನು ಬೆಸುಗೆ ಹಾಕುವವನು. ಕಣಿವೆಯ ಅರ್ಧ ಗೇಟುಗಳು ಅವನ ಕೈಯಿಂದಲೇ ಬಂದವು. ಕೆಲಸ ಚೊಕ್ಕ, ಆದರೆ ಹೇಳಿದ್ದನ್ನು ಮಾತ್ರ ಮಾಡುತ್ತಾನೆ. ಹೇಳುವವನು ಡೆಲ್ಮರ್. ಡೆಲ್ಮರನಿಗೂ ಅಳತೆ ಪಟ್ಟಿಗೂ ಮೊದಲಿನಿಂದ ಆಗಿಬರುವುದಿಲ್ಲ. ಮೂವತ್ತೊಂದು ವರ್ಷ ಕಣ್ಣಂದಾಜಿನಲ್ಲೇ ರಸ್ತೆ ಸಮ ಮಾಡಿದವನು ತಾನು ಎಂದು ಜಂಬ. ಅವರ ಗೇಟಿನ ಮೇಲಿನ ಕಮಾನು ನೋಡಿದರೆ ಈ ಜಂಬದ ಬೆಲೆ ತಿಳಿಯುತ್ತದೆ. ನಿವೃತ್ತನಾದ ವರ್ಷ ಎರಡು ದಪ್ಪ ಮರದ ಕಂಬ ನೆಟ್ಟು, ಮೇಲೆ ಅಡ್ಡಕ್ಕೆ ಒಂದು ದಿಮ್ಮಿ ಕೂರಿಸಿ, ದಿಮ್ಮಿಯಲ್ಲಿ ಗರಗಸದಿಂದಲೇ ಮನೆತನದ ಹೆಸರು 'ಗುಲ್‌ಬ್ರಾನ್ಸನ್' ಎಂದು ಕೆತ್ತಿದ. ಮೊದಲ ಅಕ್ಷರಗಳು ಹಸುವಿನ ಗಾತ್ರ. ಕೊನೆಗೆ ಬರುವ ಹೊತ್ತಿಗೆ ಜಾಗ ಮುಗಿದು, ಕೊನೆಯ ಮೂರಕ್ಷರ ಮಳೆಗೆ ಒಂದೇ ಕೊಡೆಯಡಿ ನಿಂತವರ ಹಾಗೆ ಒತ್ತಿಕೊಂಡಿವೆ. ಅಂಚೆಯವನು ಇವತ್ತಿಗೂ ಅದನ್ನು ಪೂರ್ತಿ ಓದುವುದಿಲ್ಲ.

ಸೋಮವಾರ ಕೆಲಸ ಶುರುವಾಯಿತು. ನಾನು ಅಂಗಡಿಯಿಂದ ಬರುತ್ತಾ ನೋಡಿಕೊಂಡು ಹೋಗೋಣ ಎಂದು ನಿಂತೆ. ಇಬ್ಬರೂ ಗೂಡಿನ ಮುಂದೆ ಬಕೆಟ್ ಮಗುಚಿ ಕೂತಿದ್ದರು.

"ಮಲಗಿಸಿಬಿಡೋಣ," ಎನ್ನುತ್ತಿದ್ದ ಡೆಲ್ಮರ್. "ಮಲಗಿಸಿದ್ರೆ ಬಾಗಿಲೂ ಸಾಕು, ಏನೂ ಕೊಯ್ಯೋದೇ ಬೇಡ."

"ಮಲಗಿಸಿದ್ರೆ ಒಲೆಗೆ ಆವಿ ಹೋಗಲ್ಲ, ದ್ರವಾನೇ ಹೋಗುತ್ತೆ," ಎಂದೆ. "ಕಾಫಿಗೆ ಇಟ್ರೆ ಚಾವಣಿ ಹೋಗುತ್ತೆ. ಇದು ನೆಟ್ಟಗೇ ನಿಲ್ಬೇಕು."

"ಇವಳೊಬ್ಬಳು ಪೊಲೀಸು."

"ಮೇಲಕ್ಕೆ ಏರಿಸೋಣ ಅಂದ್ರೆ ಮೇಲೆ ಒಲೆ ಇದೆ," ಎಂದ ವೆಂಡೆಲ್.

"ಹಾಗಾದ್ರೆ ಕೆಳಕ್ಕೆ ಇಳಿಸೋಣ. ಗೂಡಿನ ತಳ ಕೊಯ್ದು ಏಳು ಇಂಚು ಕೆಳಗೆ ಹೊಸ ಪೆಟ್ಟಿಗೆ ಬೆಸಿ."

ವೆಂಡೆಲ್ ಬಗ್ಗಿ ಕ್ಯಾಂಪರಿನ ಪಕ್ಕೆಯ ಅಡಿ ನೋಡಿದ. ನಾನೂ ಬಗ್ಗಿ ನೋಡಿದೆ. ಅಲ್ಲಿ ಹುಲ್ಲು, ಒಂದು ಹಳೆ ಟೈರು, ಅದರಾಚೆ ನಾಯಿ.

"ಕೆಳಗೆ ಏನಾದ್ರೂ ಅಡ್ಡ ಬರುತ್ತಾ?" ಎಂದ ವೆಂಡೆಲ್.

"ಕೆಳಗೆ ಏನಿದೆ? ಗಾಳಿ," ಎಂದ ಡೆಲ್ಮರ್.

ಟ್ರಕ್ಕು ಅಲ್ಲಿರಲಿಲ್ಲ. ಅದನ್ನು ಲವಾನ್ ತೆಗೆದುಕೊಂಡು ಹೋಗಿದ್ದಳು. ಆ ವಾರವಿಡೀ ಅವಳು ಬೆಳಕು ಹರಿಯುವ ಮೊದಲೇ ಟ್ರಕ್ಕಿನಲ್ಲಿ ಹೊರಟು, ಗುಡ್ಡದ ಮೇಲಿನ ಜೌಗಿನ ಅಂಚಿನಲ್ಲಿ ದುರ್ಬೀನು ಹಿಡಿದು ಕೂತು, ಕಡವೆ ಎಲ್ಲಿ ಮೇಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂದು ಬರೆದಿಟ್ಟುಕೊಂಡು ಸಂಜೆಗೆ ಬರುತ್ತಿದ್ದಳು. ಟ್ರಕ್ಕನ್ನು ಗೇಟಿನ ಆಚೆಯೇ ನಿಲ್ಲಿಸುತ್ತಿದ್ದಳು, ಬೆಳಿಗ್ಗೆ ಬೇಗ ಹೊರಡಲು ಸುಲಭ ಎಂದು. ಹಾಗಾಗಿ ಇಡೀ ವಾರ ಟ್ರಕ್ಕು ಮತ್ತು ಕ್ಯಾಂಪರ್ ಒಂದನ್ನೊಂದು ನೋಡಲೇ ಇಲ್ಲ.

ಕೆಲಸ ಮಾತ್ರ ಬಹಳ ಚೆನ್ನಾಗಿ ನಡೆಯಿತು. ಇದನ್ನು ನಾನು ಹೇಳಲೇಬೇಕು. ವೆಂಡೆಲ್ ತಳ ಕೊಯ್ದು, ದಪ್ಪ ತಗಡಿನಲ್ಲಿ ಪೆಟ್ಟಿಗೆ ಮಾಡಿ, ನಾಲ್ಕೂ ಅಂಚಿಗೆ ಒಂದೇ ಗೆರೆ ಎಳೆದಂತೆ ಬೆಸುಗೆ ಹಾಕಿದ. ಬಾಗಿಲನ್ನು ಉದ್ದ ಮಾಡಿದರು. ಸಿಲಿಂಡರು ಅಲುಗದಂತೆ ಕೆಳಗೊಂದು ಬಳೆ, ಮೇಲೊಂದು ಪಟ್ಟಿ. ಬುಧವಾರ ಸಂಜೆ ಡೆಲ್ಮರ್ ಪೆಟ್ಟಿಗೆಗೆ ಕ್ಯಾಂಪರಿನದೇ ಕಂದು ಬಣ್ಣ ಹೊಡೆದು, ನನಗೆ ಫೋನು ಮಾಡಿದ.

"ಬಾ ಪೊಲೀಸಮ್ಮ. ತಪ್ಪು ಹುಡುಕು."

ನಾನು ಸೋಪಿನ ನೀರು ತೆಗೆದುಕೊಂಡು ಹೋದೆ. ಗೂಡಿಗೂ ಮಲಗುವ ಜಾಗಕ್ಕೂ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು, ಇರಲಿಲ್ಲ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಹೊರಕ್ಕೆ ಹರಿದುಹೋಗಲು ತಳದಲ್ಲಿ ತೂತು ಬೇಕು. ಎರಡು ಕೊರೆದಿದ್ದರು, ಇಲಿ ನುಗ್ಗದಂತೆ ಜಾಲರಿಯನ್ನೂ ಹಾಕಿದ್ದರು. ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಐದು ನಿಮಿಷ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ.

"ಹದಿನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ಕೂರಿಸಿದ್ದು ನಾನು ನೋಡಿಲ್ಲ," ಎಂದೆ. ನಿಜ ಹೇಳಿದ್ದೆ.

ವೆಂಡೆಲ್ ಕಿವಿಯವರೆಗೆ ಕೆಂಪಾದ. ಡೆಲ್ಮರ್ ಆಕಾಶ ನೋಡಿದ. ಮೂವರೂ ಒಳಗೆ ಹೋಗಿ ಹೀಟರ್ ಹಚ್ಚಿ, ಅಂಗಿ ಬಿಚ್ಚುವಷ್ಟು ಸೆಕೆಯಲ್ಲಿ ಕೂತು ಹಕಲ್‌ಬೆರಿ ಎಂಬ ಕಾಡುಹಣ್ಣಿನ ಪೈ ತಿಂದೆವು. ಗ್ಯಾಸಿನ ಬಗ್ಗೆ ಏನು ಕೇಳಿದ್ದರೂ ಹೇಳುತ್ತಿದ್ದೆ. ನನ್ನ ಕಣ್ಣಿಗೆ ಗ್ಯಾಸು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂಬುದು ಎರಡು ದಿನದ ಮೇಲೆ ಗೊತ್ತಾಯಿತು.

ಗುರುವಾರ ಸಂಜೆ ಲವಾನ್ ಚಿಕ್ಕಮ್ಮ ಹಾರಿಕೊಂಡು ಬಂದಳಂತೆ. ಕಡವೆ ಸಿಕ್ಕಿತ್ತು. ಅಂದರೆ ಕಣ್ಣಿಗೆ ಸಿಕ್ಕಿತ್ತು: ಗಂಡು, ಕೊಂಬು ಇಷ್ಟಗಲ, ಮೂರು ದಿನದಿಂದ ಒಂದೇ ಜೌಗಿನಲ್ಲಿ. ರೇಡಿಯೋದಲ್ಲಿ ಶನಿವಾರ ಮಧ್ಯಾಹ್ನದಿಂದ ಹಿಮ, ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಎಂದು ಹೇಳುತ್ತಿದ್ದರು. ಹಿಮ ಬಿದ್ದರೆ ಗುಡ್ಡದ ರಸ್ತೆಗೆ ಅಡ್ಡಗೇಟು ಬೀಳುತ್ತದೆ. ಶುಕ್ರವಾರ ಹೋದರೆ ಹೋದಂತೆ, ಇಲ್ಲದಿದ್ದರೆ ಇಪ್ಪತ್ತನಾಲ್ಕು ವರ್ಷದ ಚೀಟಿ ಫ್ರಿಜ್ಜಿನ ಬಾಗಿಲಿಗೇ ಗತಿ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಾನು ಅವರ ಮನೆಗೆ ಹೋದೆ, ನಾಯಿಗೆ ಊಟ ಹಾಕಲು ಬೀಗದ ಕೈ ಈಸಿಕೊಳ್ಳಲು. ಲವಾನ್ ಕಿತ್ತಳೆ ಬಣ್ಣದ ಬೇಟೆಯ ಟೋಪಿ ಹಾಕಿಕೊಂಡು ಆಗಲೇ ಸ್ಟೀರಿಂಗ್ ಹಿಂದೆ ಇದ್ದಳು. ಟ್ರಕ್ಕು ಎಂಬತ್ತೆಂಟರದು, ಡೆಲ್ಮರ್ ಆಗಲೇ ಹೊಚ್ಚಹೊಸದನ್ನು ಕೊಂಡದ್ದು. ಇಷ್ಟು ವರ್ಷದಲ್ಲಿ ಒಂದು ಗೀರಿಲ್ಲ. ಅವನು ಹಿಂದೆ ನಿಂತು ಕೈ ಬೀಸುತ್ತಿದ್ದ. ಬಸ್ಸು ಓಡಿಸಿದವಳಿಗೆ ಕೈ ಬೀಸುವವರು ಬೇಕಿಲ್ಲ. ಒಂದೇ ಸಲಕ್ಕೆ ಕ್ಯಾಂಪರಿನ ಅಡಿಗೆ ನೆಟ್ಟಗೆ ಬಂದಳು.

ಢಣ್.

"ಎಡಕ್ಕೆ ಎಳೆದೆ!" ಎಂದು ಕೂಗಿದ ಡೆಲ್ಮರ್.

"ನಾನಾ? ಅರವತ್ತು ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ಹಿಮದಲ್ಲಿ ರಿವರ್ಸ್ ತಗೊಂಡವಳು ನಾನು. ಎಡಕ್ಕೆ ಎಳೆದ್ನಂತೆ!"

ಮುಂದಕ್ಕೆ ಹೋಗಿ ಮತ್ತೆ ಬಂದಳು. ಢಣ್. ಅದೇ ಜಾಗ.

ವೆಂಡೆಲ್ ಬೇಲಿ ದಾಟಿ ಬಂದ. ನಾಲ್ವರೂ ಬಗ್ಗಿ ನೋಡಿದೆವು. ಕ್ಯಾಂಪರ್ ಕೆಳಗೆ ಕಿರಿದು, ಮೇಲೆ ಅಗಲ. ಕಿರಿದಾದ ಭಾಗ ಟ್ರಕ್ಕಿನ ತೊಟ್ಟಿಯೊಳಗೆ ಇಳಿಯುತ್ತದೆ, ಅಗಲವಾದ ಪಕ್ಕೆಗಳು ತೊಟ್ಟಿಯ ಗೋಡೆಯ ಮೇಲಿಂದ ಹೊರಗೆ ಚಾಚುತ್ತವೆ. ಪಕ್ಕೆಗೂ ಗೋಡೆಗೂ ನಡುವೆ ಇರುವುದು ಬರೀ ಎರಡು ಇಂಚು. ಅಲ್ಲಿಗೆ ವೆಂಡೆಲ್ ಏಳು ಇಂಚಿನ ಪೆಟ್ಟಿಗೆ ಇಳಿಸಿದ್ದ. ಜ್ಯಾಕನ್ನು ಪೂರ್ತಿ ಎತ್ತಿ ಟ್ರಕ್ಕನ್ನು ಒಳಗೇನೋ ತಂದರು. ಇಳಿಸಲು ಹೋದರೆ ಪೆಟ್ಟಿಗೆ ತೊಟ್ಟಿಯ ಗೋಡೆಯ ಮೇಲೆ ಕೂತು, ಇಡೀ ಕ್ಯಾಂಪರ್ ಒಂದು ಮೊಣಕೈ ಊರಿದ ಕುಡುಕನ ಹಾಗೆ ವಾಲಿತು.

"ಕೆಳಗೆ ಗಾಳಿ ಅಂದ್ಯಲ್ಲ," ಎಂದ ವೆಂಡೆಲ್ ಮೆಲ್ಲಗೆ.

"ಗಾಳಿನೇ ಇತ್ತು! ನೀನೂ ನೋಡಿದೆ. ಟ್ರೂಡಿನೂ ನೋಡಿದ್ಲು!"

ನಾನೂ ನೋಡಿದ್ದೆ. ಅವನು ಹೇಳಿದ್ದು ಸರಿಯಾಗಿತ್ತು.

ಲವಾನ್ ಟ್ರಕ್ಕಿನಿಂದ ಇಳಿದು, ಪೆಟ್ಟಿಗೆ ನೋಡಿ, ಗಂಡನನ್ನು ನೋಡಿ, ಮತ್ತೆ ಪೆಟ್ಟಿಗೆ ನೋಡಿದಳು. "ಮೂವರು," ಎಂದಳು. "ಮೂವರು ಸೇರಿ ಮೂರು ದಿನ. ಟ್ರಕ್ಕಿನ ಮೇಲೆ ಕೂರೋ ಸಾಮಾನಿಗೆ ಕೆಲಸ ಮಾಡ್ತಿದೀವಿ ಅಂತ ಒಬ್ಬರಿಗೂ ನೆನಪಾಗ್ಲಿಲ್ವಾ?"

"ಟ್ರಕ್ಕು ನಿನ್ನ ಹತ್ರ ಇತ್ತು," ಎಂದ ಡೆಲ್ಮರ್.

"ಓಹೋ, ತಪ್ಪು ನಂದಾ?"

"ನಾನು ಹಾಗಂದ್ನಾ?"

"ತೊಟ್ಟಿಯ ಗೋಡೆಯಲ್ಲಿ ಒಂದು ಕಚ್ಚು ಕೊಯ್ದು ಬಿಟ್ರೆ ಹತ್ತು ನಿಮಿಷದ ಕೆಲಸ," ಎಂದ ವೆಂಡೆಲ್.

ಡೆಲ್ಮರ್ ಟ್ರಕ್ಕಿಗೂ ವೆಂಡೆಲನಿಗೂ ನಡುವೆ ಬಂದು ನಿಂತ. "ನನ್ನ ಕಾಲು ಕೊಯ್ಯಿ. ಟ್ರಕ್ಕು ಮುಟ್ಟಬೇಡ."

"ಪೆಟ್ಟಿಗೆ ಬಿಚ್ಚಿ ಹಳೇ ಚಿಕ್ಕ ಸಿಲಿಂಡರ್ ಹಾಕೋಣ?" ಎಂದ ವೆಂಡೆಲ್.

"ತಳ ಮತ್ತೆ ಬೆಸೆಯೋಕೆ ಎಷ್ಟು ಹೊತ್ತು?" ಎಂದ ಡೆಲ್ಮರ್.

"ನಾಳೆ ಸಂಜೆ."

"ನಾಳೆ ಸಂಜೆ ಹಿಮದಲ್ಲಿ ಗೊಂಬೆ ಮಾಡ್ತೀನಿ," ಎಂದಳು ಲವಾನ್. "ಅದೂ ಅಲ್ದೆ, ಹಳೇ ಸಿಲಿಂಡರಿಗೆ ನಾನು ಬರಲ್ಲ. ನಂಗೆ ಬೆರಳು ಬೇಕು."

ಡೆಲ್ಮರ್ ಟ್ರಕ್ಕನ್ನು ಒಂದು ಸುತ್ತು ಹಾಕಿ ಬಂದ. ಆಮೇಲೆ ಡೆಲ್ಮರನ ಮುಖ ಅರಳಿತು. ಅವನ ಮುಖ ಅರಳಿದಾಗ ನಮ್ಮ ಮನೆಯವರೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ.

"ಕ್ಯಾಂಪರನ್ನೇ ಎತ್ತರ ಮಾಡೋಣ! ತೊಟ್ಟಿಯಲ್ಲಿ ಹಲಗೆ ಹಾಸೋದು. ಆರು ಇಂಚು. ಪೆಟ್ಟಿಗೆ ಗೋಡೆ ಮೇಲೆ ತೇಲುತ್ತೆ."

ಇದು ಸರಿಯಾದ ಉಪಾಯವೇ ಆಗಿತ್ತು. ಅವನ ಕೊಟ್ಟಿಗೆಯಲ್ಲಿ ಇಲಾಖೆಯವರು ಎಸೆದ ಹಳೆ ಸೇತುವೆಯ ಹಲಗೆಗಳು ಹದಿನೈದು ವರ್ಷದಿಂದ ಏನಕ್ಕಾದರೂ ಬೇಕಾದೀತು ಎಂದು ಬಿದ್ದಿದ್ದವು. ಟ್ರಕ್ಕನ್ನು ಹೊರಕ್ಕೆ ತೆಗೆದು, ಎಲ್ಲರೂ ಹೊತ್ತು ತಂದೆವು. ಮೂರು ಪದರ ಹಾಸಿ, ಜಾರದಂತೆ ಬೋಲ್ಟು ಹಾಕಿ, ಮತ್ತೆ ಲವಾನ್ ಹಿಮ್ಮುಖ ಬಂದಳು. ಜ್ಯಾಕ್ ಇಳಿಸಿದೆವು. ಕ್ಯಾಂಪರ್ ಹಲಗೆಯ ಮೇಲೆ ಕೂತಿತು. ಪೆಟ್ಟಿಗೆಯ ತಳಕ್ಕೂ ಟ್ರಕ್ಕಿನ ಗೋಡೆಗೂ ನಡುವೆ ಬೆರಳು ತೂರುತ್ತಿತ್ತು. ಡೆಲ್ಮರ್ ಬೆರಳು ತೂರಿಸಿ ತೂರಿಸಿ ತೋರಿಸಿದ. ಸರಪಳಿ ಬಿಗಿದು ಅಲುಗಾಡಿಸಿದೆವು. ಅಲುಗಲಿಲ್ಲ. ಬಾಗಿಲಿಗೆ ಮಾತ್ರ ಲವಾನಳ ಕಾಲು ಎಟುಕದೆ ಸೇಬು ತುಂಬುವ ಮರದ ಡಬ್ಬಿಯೊಂದನ್ನು ಮೆಟ್ಟಿಲಾಗಿ ಇಟ್ಟರು.

"ಕಣ್ಣಂದಾಜು," ಎಂದ ಡೆಲ್ಮರ್, ಎದೆ ತಟ್ಟಿಕೊಂಡು.

ಒಂಬತ್ತೂವರೆಗೆ ಹೊರಟರು. ಬಂದೂಕು, ಉಪ್ಪು, ಹೊದಿಕೆ, ಹತ್ತು ದಿನದ ಊಟ. ನಾನು ಬೀಗದ ಕೈ ಹಿಡಿದು ಕೈ ಬೀಸಿದೆ. ಅಂಗಡಿಗೆ ತಡವಾಗಿತ್ತು. ಟ್ರಕ್ಕು ಅಂಗಳ ದಾಟಿ ಗೇಟಿನ ಹತ್ತಿರ ಹೋಗಿ ನಿಂತಿತು. ಇನ್ನೂ ನಿಂತೇ ಇತ್ತು. ಲವಾನ್ ಬಾಗಿಲು ತೆಗೆದು ಇಳಿದು ಮೇಲಕ್ಕೆ ನೋಡುತ್ತಿದ್ದಳು.

ವೆಂಡೆಲ್ ನನ್ನ ಕಡೆ ತಿರುಗಿದ. "ಆ ಕಮಾನು ಕಟ್ಟುವಾಗ ಕ್ಯಾಂಪರಿನ ಚಾವಣಿಗೆ ಎಷ್ಟು ಜಾಗ ಬಿಟ್ಟಿದ್ದ?"

"ನಾಲ್ಕು ಬೆರಳು," ಎಂದೆ.

ನಾವು ಓಡಿದೆವು.

ಚಾವಣಿಯ ಮುಂತುದಿ 'ಗುಲ್‌ಬ್ರಾನ್ಸನ್' ದಿಮ್ಮಿಯ ಎದೆಮಟ್ಟಕ್ಕೆ ಬಂದು ನಿಂತಿತ್ತು. ದಾಟಲು ಜಾಗ ಮೂರು ಇಂಚು ಕಡಿಮೆ. ಗೇಟಿನ ಎಡಬಲಕ್ಕೆ ನೀರಾವರಿ ಕಾಲುವೆ; ಅಂಗಳದಿಂದ ಹೊರಹೋಗಲು ಬೇರೆ ದಾರಿಯಿಲ್ಲ.

"ಟೈರಿನ ಗಾಳಿ ಬಿಡೋಣ," ಎಂದ ವೆಂಡೆಲ್. ಬಿಟ್ಟೆವು. ಟ್ರಕ್ಕು ನಿಟ್ಟುಸಿರು ಬಿಟ್ಟು ಒಂದೂವರೆ ಇಂಚು ಇಳಿಯಿತು. ಇನ್ನೂ ಬಿಟ್ಟರೆ ಗಾಲಿಯ ಬಳೆ ನೆಲ ಮುಟ್ಟುತ್ತಿತ್ತು.

"ರಸ್ತೆ ತಗ್ಗಿಸ್ತೀನಿ," ಎಂದ ಡೆಲ್ಮರ್. ಕಣ್ಣಲ್ಲಿ ಹಳೆಯ ಮಿಂಚು. "ಎರಡು ಇಂಚು ಮಣ್ಣು. ಗುದ್ದಲಿ ತಾ. ಮೂವತ್ತೊಂದು ವರ್ಷ ಮಾಡಿದ್ದು ಅದನ್ನೇ."

"ಡೆಲ್ಮರ್," ಎಂದಳು ಲವಾನ್, "ಕೆಳಗೆ ನೋಡು."

ಗೇಟಿನ ಅಡಿ ಮಣ್ಣಿರಲಿಲ್ಲ. ದನ ದಾಟದಂತೆ ಹಾಕುವ ಕಬ್ಬಿಣದ ಕಂಬಿಗಳ ಜಾಲವಿತ್ತು. ಅದನ್ನು ಕಾಂಕ್ರೀಟಿನಲ್ಲಿ ಹೂತವನೂ ಡೆಲ್ಮರನೇ. ಭೂಕಂಪವಾದರೂ ಅಲುಗಬಾರದು ಎಂದು ಹೂತಿದ್ದ. ಆ ಒಂದು ಕೆಲಸ ಮಾತ್ರ ಅಂದುಕೊಂಡಂತೆ ಆಗಿತ್ತು.

"ದಿಮ್ಮಿ ಬಿಚ್ಚೋದು?" ಎಂದು ಕೇಳಿದೆ.

"ಒಳಗಿಂದ ಕಬ್ಬಿಣದ ಸರಳು ಹೊಡೆದಿದೀನಿ. ಅಡಿ ಉದ್ದದ್ದು. ಎರಡು ದಿನ ಬೇಕು."

ಗಂಟೆ ಹತ್ತೂಕಾಲು. ಪಶ್ಚಿಮದಲ್ಲಿ ಮೋಡ ಬೆಳ್ಳಗೆ ಗೋಡೆ ಕಟ್ಟುತ್ತಿತ್ತು. ಲವಾನ್ ಕೊಟ್ಟಿಗೆಗೆ ಹೋದಳು. ಬರುವಾಗ ಕೈಯಲ್ಲಿ ಮರ ಕೊಯ್ಯುವ ಮೋಟಾರು ಗರಗಸ. ಅದನ್ನು ಗಂಡನ ಕಾಲ ಬಳಿ ಇಟ್ಟಳು.

"ಮೂರು ವಸ್ತು ಇದೆ," ಎಂದಳು. "ನಿನ್ನ ಟ್ರಕ್ಕು, ನಿನ್ನ ಪೆಟ್ಟಿಗೆ, ನಿನ್ನ ಹೆಸರು. ಯಾವುದನ್ನಾದ್ರೂ ಕೊಯ್ಯಿ. ನಾನು ಆರಿಸಲ್ಲ. ಹತ್ತೂವರೆಗೆ ಯಾವುದೂ ಕೊಯ್ದಿಲ್ಲ ಅಂದ್ರೆ, ಬಂದೂಕು ಹೆಗಲಿಗೆ ಹಾಕ್ಕೊಂಡು ರಸ್ತೆಗೆ ಹೋಗಿ ಬಂದ ಮೊದಲ ಗಾಡಿ ಹತ್ತುತೀನಿ. ಓಡಿಸ್ತಿರೋನು ಗಂಡಸಾಗಿದ್ರೆ ಅವನನ್ನೇ ಹೊರೆ ಹೊರೋಕೆ ಕರೀತೀನಿ."

"ಲವಾನ್, ಅದು ನನ್ನ ಅಪ್ಪನ ಹೆಸರು."

"ನಿನ್ನ ಅಪ್ಪನಿಗೆ ಈಗ ಎಲ್ಲಿಗೂ ಹೋಗೋದಿಲ್ಲ. ನನಗೆ ಹೋಗೋದಿದೆ."

ಡೆಲ್ಮರ್ ಟ್ರಕ್ಕನ್ನು ನೋಡಿದ. ಪೆಟ್ಟಿಗೆಯ ಕಂದು ಬಣ್ಣ ನೋಡಿದ. ಕಮಾನಿನ ಕೊನೆಯ ಮೂರಕ್ಷರ ನೋಡಿದ. ಆಮೇಲೆ ವೆಂಡೆಲನ ಕಡೆ ಕೈ ಚಾಚಿ, ನಾನು ನನ್ನ ಜೀವಮಾನದಲ್ಲಿ ಅವನ ಬಾಯಿಂದ ಕೇಳದ ಮಾತು ಹೇಳಿದ.

"ಅಳತೆ ಪಟ್ಟಿ ಕೊಡು."

ಏಣಿ ಹತ್ತಿದ. ಎಡಗಡೆ ಅಳೆದ. ಇಳಿದು, ಏಣಿ ಸರಿಸಿ, ಬಲಗಡೆ ಅಳೆದ. ಪೆನ್ಸಿಲಿನಲ್ಲಿ ಗೆರೆ ಎಳೆದ. ಮತ್ತೆ ಎಡಗಡೆಗೆ ಹೋಗಿ ಇನ್ನೊಂದು ಸಲ ಅಳೆದ. ಕ್ಯಾಂಪರನ್ನು ಹಿಂದಕ್ಕೆ ತೆಗೆಸಿದ. ಹತ್ತೂವರೆಗೆ ಎರಡು ನಿಮಿಷ ಇರುವಾಗ ಗರಗಸ ಹಚ್ಚಿದ. ಮೊದಲಕ್ಷರದ ಒಂದು ಬೆರಳು ಆಚೆಗೆ, ಕೊನೆಯ ಅಕ್ಷರದ ಒಂದು ಬೆರಳು ಈಚೆಗೆ, ಹೆಸರಿಗೆ ಒಂದು ಗೀರೂ ತಾಗದಂತೆ ಕೊಯ್ದ. ವೆಂಡೆಲನೂ ನಾನೂ ಹಗ್ಗ ಹಿಡಿದು ದಿಮ್ಮಿಯನ್ನು ಕೆಳಗಿಳಿಸಿದೆವು. ಅವನು ಮಾಡಿದ ಕೆಲಸಗಳಲ್ಲಿ ಅಷ್ಟು ಕರಾರುವಾಕ್ಕಾದದ್ದು ಇನ್ನೊಂದಿಲ್ಲ.

ವೆಂಡೆಲನ ಪಂಪಿನಿಂದ ಟೈರಿಗೆ ಗಾಳಿ ತುಂಬಿದೆವು. ಎರಡು ಬೋಳು ಕಂಬಗಳ ನಡುವೆ ಕ್ಯಾಂಪರ್ ಹೊರಟುಹೋಯಿತು. ಡೆಲ್ಮರ್ ಕಿಟಕಿಯಿಂದ ಹಿಂದಿರುಗಿ ನೋಡುತ್ತಿದ್ದ. ಓಡಿಸುತ್ತಿದ್ದವಳು ನೋಡಲಿಲ್ಲ.

"ಕಮಾನಿನ ಎರಡು ಕೊನೇಲಿ ಹಲಗೆ ಕೊಟ್ಟು ಆರು ಇಂಚು ಎತ್ತರಿಸಿದ್ರೂ ಆಗ್ತಿತ್ತಲ್ವಾ?" ಎಂದ ವೆಂಡೆಲ್, ಹಗ್ಗ ಸುತ್ತುತ್ತಾ.

"ಸರಳು ಹೊಡೆದಿದಾನಲ್ಲ."

"ಹೌದಲ್ಲ," ಎಂದು ಅವನು ಸಮಾಧಾನಪಟ್ಟುಕೊಂಡ.

ಶನಿವಾರ ಹಿಮ ಬೀಳಲಿಲ್ಲ. ಭಾನುವಾರವೂ ಬೀಳಲಿಲ್ಲ. ಮೋಡ ಉತ್ತರಕ್ಕೆ ತಿರುಗಿ ಕೆನಡಾದವರಿಗೆ ಹೋಯಿತು. ನಮ್ಮಲ್ಲಿ ಬಿಸಿಲು ಎಷ್ಟಿತ್ತೆಂದರೆ ನಾನು ಅಂಗಿಯ ತೋಳು ಮಡಚಿ ಗ್ಯಾಸು ತುಂಬಿದೆ. ರೇಡಿಯೋದವರು ಅದರ ಬಗ್ಗೆ ಏನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯ ಹಿಂದೆ ಟ್ರಕ್ಕು ಬಂದು ನಿಂತಿತು. ಹತ್ತು ದಿನಕ್ಕೆ ಹೋದವರು ನಾಲ್ಕನೇ ದಿನ ಎದುರಿಗಿದ್ದರು. ಕಡವೆ ತಪ್ಪಿತು ಎಂದುಕೊಂಡೆ. ಆಮೇಲೆ ಕ್ಯಾಂಪರಿನ ಚಾವಣಿಯ ಮೇಲೆ ಕಟ್ಟಿದ್ದ ಕೊಂಬು ಕಂಡಿತು. ನಾನು ಎರಡೂ ಕೈ ಚಾಚಿದರೂ ಅದರ ಎರಡೂ ತುದಿ ಸಿಗುತ್ತಿರಲಿಲ್ಲ.

ಲವಾನ್ ಚಿಕ್ಕಮ್ಮ ಇಳಿದಳು. ಬೆರಳು ಹತ್ತನ್ನೂ ನನ್ನ ಮುಖದ ಮುಂದೆ ಮಡಚಿ ಬಿಡಿಸಿ ತೋರಿಸಿದಳು.

"ಶನಿವಾರ ಬೆಳಿಗ್ಗೆನೇ. ಅರವತ್ತು ಗಜ. ಒಂದೇ ಗುಂಡು," ಎಂದಳು. "ಆಮೇಲೆ ಆ ಬಿಸಿಲು ನೋಡು, ಮಾಂಸ ಕೆಟ್ಟುಹೋಗುತ್ತೆ ಅಂತ ಇವನು ಎರಡು ದಿನ ಬೆನ್ನ ಮೇಲೆ ಹೊತ್ತು ಹೊತ್ತು ತಂದು, ನಿನ್ನೆ ರಾತ್ರಿಯೊಳಗೆ ಕಸಾಯಿಯವನ ಶೀತಲ ಕೋಣೆಗೆ ಮುಟ್ಟಿಸಿದ."

ಡೆಲ್ಮರ್ ಟ್ರಕ್ಕಿನಿಂದ ಇಳಿಯಲು ಎರಡು ನಿಮಿಷ ತೆಗೆದುಕೊಂಡ. ಇಳಿದ ಮೇಲೂ ಬೆನ್ನು ನೆಟ್ಟಗಾಗಲಿಲ್ಲ. ಹಾಗೇ ಬಗ್ಗಿಕೊಂಡು ಗೂಡಿನ ಬಾಗಿಲು ತೆಗೆದು ಸಿಲಿಂಡರ್ ಹೊರಗೆಳೆದ.

"ತುಂಬಿಬಿಡು. ಎಲ್ಕ್ ಜಿಂಕೆ ಬೇಟೆಗೆ ಬೇಕಾಗುತ್ತೆ."

ನಾನು ತೂಕದ ಯಂತ್ರದ ಮೇಲೆ ಇಟ್ಟೆ. ಮುಳ್ಳು ನೋಡಿದೆ. ಯಂತ್ರ ಕೆಟ್ಟಿರಬೇಕೆಂದು ಒಂದು ಸಲ ಒದ್ದೆ. ಮತ್ತೆ ನೋಡಿದೆ.

"ಒಂದು ಪೌಂಡೂ ಖರ್ಚಾಗಿಲ್ವಲ್ಲ," ಎಂದೆ. "ಹೀಟರ್ ಹಾಕಲಿಲ್ವಾ?"

"ಆ ಸೆಕೆಯಲ್ಲಾ?" ಎಂದಳು ಲವಾನ್. "ಕಿಟಕಿ ತೆಗೆದು ಮಲಗಿದ್ವಿ. ಕಾಫಿ ಮಾಡ್ದೆ. ಶುಕ್ರವಾರ ರಾತ್ರಿ ಒಂದ್ಸಲ, ಶನಿವಾರ ಬೆಳಿಗ್ಗೆ ಒಂದ್ಸಲ. ಆಮೇಲೆ ಇವನಿಗೆ ಕುಡಿಯೋಕೂ ಪುರುಸೊತ್ತಿರಲಿಲ್ಲ."

ನಾನು ವೆಂಡೆಲನ ಪೆಟ್ಟಿಗೆ, ಮೂರು ಪದರ ಸೇತುವೆ ಹಲಗೆ, ಸೇಬಿನ ಡಬ್ಬಿ ಎಲ್ಲವನ್ನೂ ಒಂದು ಸುತ್ತು ನೋಡಿದೆ. ಅಂಗಳದಲ್ಲಿ ಬಿದ್ದಿರುವ ದಿಮ್ಮಿ ಇಲ್ಲಿಂದ ಕಾಣುತ್ತಿರಲಿಲ್ಲ.

"ಕಮಾನು ಮತ್ತೆ ಕಟ್ತೀನಿ," ಎಂದ ಡೆಲ್ಮರ್, ನನ್ನ ಮನಸ್ಸು ಓದಿದವನಂತೆ. "ಮೊದಲಿಗಿಂತ ಒಂದಡಿ ಎತ್ತರಕ್ಕೆ. ಈ ಕೊಂಬನ್ನ ಹೆಸರಿನ ಮೇಲೆ, ನಟ್ಟನಡುವೆ ಕೂರಿಸ್ತೀನಿ. ರಸ್ತೆಯಿಂದ ಕಾಣಬೇಕು."

"ಯಾವ ಹೆಸರಿನ ಮೇಲೆ?" ಎಂದಳು ಲವಾನ್.

"ನಮ್ಮ ಹೆಸರು."

"ಚೀಟಿ ಯಾರ ಹೆಸರಲ್ಲಿತ್ತು?"

ಡೆಲ್ಮರ್ ತೂಕದ ಯಂತ್ರದ ಕಡೆ ತಿರುಗಿದ. ಸಿಲಿಂಡರನ್ನು ಎತ್ತಿಕೊಳ್ಳಲು ಹೋದ. ಅದು ತುಂಬಿದ ಸಿಲಿಂಡರು, ಅವನ ಬೆನ್ನು ಎರಡು ದಿನ ಕಡವೆ ಹೊತ್ತ ಬೆನ್ನು. ಅರ್ಧಕ್ಕೆ ಬಗ್ಗಿದವನು ಅಲ್ಲೇ ನಿಂತ. ಲವಾನ್ ಅವನನ್ನು ಪಕ್ಕಕ್ಕೆ ಸರಿಸಿ, ಒಂದೇ ಕೈಯಲ್ಲಿ ಎತ್ತಿ ಗೂಡಿನಲ್ಲಿಟ್ಟು, ಪಟ್ಟಿ ಬಿಗಿದಳು.

"ಚೆನ್ನಾಗಿ ಕೂರುತ್ತೆ ಕಣೋ," ಎಂದಳು, ಬಾಗಿಲು ಹಾಕುತ್ತಾ. "ಅದೊಂದು ನಿಜ."